ಸ್ವರವನ್ನು ಗದ್ದಲವೆಂದುಕೊಂಡ ಫೋನು

ಪುತ್ತೂರಿನ ಅರ್ಧ ಜನ ಸತ್ಯವತಿ ಟೀಚರ ಹತ್ತಿರ ಸಂಗೀತ ಕಲಿತವರು, ಉಳಿದರ್ಧ ಜನ ಅವರಿಂದ ಬೈಸಿಕೊಂಡವರು. ನಾನು ಎರಡನೆಯ ಪೈಕಿ. ದರ್ಬೆಯಲ್ಲಿ ನೆಲಮಹಡಿಯಲ್ಲಿ ನನ್ನ ಮೊಬೈಲ್ ಅಂಗಡಿ, ಸರಿಯಾಗಿ ಅದರ ತಲೆಯ ಮೇಲೆ ಅವರ ಸಂಗೀತ ಶಾಲೆ. ಹನ್ನೊಂದು ವರ್ಷ ಅವರು ಮೇಲೆ ಹಾಡಿದರು, ನಾನು ಕೆಳಗೆ ಫೋನು ಬಿಚ್ಚಿದೆ. ಅವರ ಬಗ್ಗೆ ಬೇರೆ ಯಾರಾದರೂ ಬರೆದಿದ್ದರೆ ಅವರಿಗೆ ಮರ್ಯಾದೆಯಾಗುತ್ತಿತ್ತು. ಆದರೆ ನಡೆದದ್ದು ಮೊದಲಿನಿಂದಲೂ ಗೊತ್ತಿದ್ದದ್ದು ಇಬ್ಬರಿಗೆ, ಇನ್ನೊಬ್ಬಳು ಬರೆಯುವವಳಲ್ಲ.

ಟೀಚರಿಗೆ ಆಗ ಅರುವತ್ತೊಂದು. ಐದಡಿಯೂ ಇಲ್ಲದ, ಗಾಳಿ ಬಂದರೆ ಹಾರಿ ಹೋಗುವಂಥ ಶರೀರ. ಸ್ವರ ಮಾತ್ರ ಆ ಶರೀರದ್ದಲ್ಲ, ಯಾರೋ ದೊಡ್ಡವರದ್ದನ್ನು ತಂದು ಇಟ್ಟುಕೊಂಡ ಹಾಗಿತ್ತು. ಮೈಕು ಎಂದರೆ ಅವರಿಗೆ ಆಗದು. ವರ್ಷಕ್ಕೊಮ್ಮೆ ತಮ್ಮ ಗುರುಗಳ ನೆನಪಿನ ದಿನ ಸಭೆಯಲ್ಲಿ ಹಾಡುವಾಗಲೂ ಮೈಕನ್ನು ಪಕ್ಕಕ್ಕೆ ತಳ್ಳಿ ಹಾಡುತ್ತಿದ್ದರು, ಕೊನೆಯ ಸಾಲಿನವರಿಗೂ ಕೇಳುತ್ತಿತ್ತು. ನಮ್ಮ ಅಂಗಡಿಯ ಸ್ಲ್ಯಾಬು ಐದಿಂಚಿನದು. ಅದನ್ನು ದಾಟಿ ಅವರ ಸ್ವರ ದಿನಾ ನನ್ನ ತಲೆಯ ಮೇಲೆ ಬೀಳುತ್ತಿತ್ತು. ನಾನು ಆಲಂಕಾರಿನ ಬ್ಯಾರಿ, ಸರಿಗಮ ನಮ್ಮ ಮನೆಯ ಹತ್ತಿರಕ್ಕೂ ಬಂದದ್ದಲ್ಲ. ಆದರೂ ಅವರು ಮೇಲಿನ ಷಡ್ಜಕ್ಕೆ ಹೋಗಿ ನಿಂತಾಗ ನನ್ನ ಕೈಯ ಸ್ಕ್ರೂಡ್ರೈವರು ಒಂದು ಕ್ಷಣ ಸುಮ್ಮನಾಗುತ್ತಿತ್ತು. ಷಡ್ಜ ಎಂಬ ಹೆಸರನ್ನೂ ಅವರು ಮಕ್ಕಳಿಗೆ ಬೈಯುವುದನ್ನು ಕೇಳಿ ಕೇಳಿ ಕಲಿತದ್ದು.

ಬೈಯುವುದರಲ್ಲಿ ಅವರು ಹಾಡುವುದಕ್ಕಿಂತ ದೊಡ್ಡ ವಿದ್ವಾಂಸರು. ಏಳು ವರ್ಷದ ಹುಡುಗಿಗೆ, "ನೀನು ಹಾಡುದಲ್ಲ, ಹಲ್ಲುನೋವಿಗೆ ನರಳುದು" ಎನ್ನುತ್ತಿದ್ದರು. ಅವರ ಶಾಲೆಯಲ್ಲಿ ಒಂದು ಕಾನೂನಿತ್ತು. ಹಾಡುವಾಗ ಶ್ರುತಿ ತಪ್ಪಿದರೆ ಯಾರೂ ಶ್ರುತಿಪೆಟ್ಟಿಗೆಗೆ ದೂರು ಹೇಳಬಾರದು. ಪೆಟ್ಟಿಗೆ ಸರಿಯಿಲ್ಲ ಎಂದು ಬಾಯಿಬಿಟ್ಟವನು ಒಂದು ವಾರ ನಿಂತುಕೊಂಡೇ ಹಾಡಬೇಕು. ತಪ್ಪು ಯಾವಾಗಲೂ ಗಂಟಲಿನದು. ಇದನ್ನು ಅವರ ಗುರುಗಳು ಅವರ ಬೆನ್ನಿಗೆ ಬಾರಿಸಿ ಕಲಿಸಿದ್ದರಂತೆ, ಅವರು ಊರಿನ ಮಕ್ಕಳಿಗೆಲ್ಲ ಹಾಗೆಯೇ ಕಲಿಸಿದರು. ಗಂಡ ಕೃಷ್ಣಮೋಹನರು ಸೊಸೈಟಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಅವರಿಗೆ ಸಂಗೀತದ ಗಂಧವಿಲ್ಲ. ಅದಕ್ಕೇ ಮದುವೆಯಾದದ್ದು, ಮನೆಯಲ್ಲಿಯಾದರೂ ಅಪಸ್ವರ ಕೇಳುವುದು ಬೇಡ ಎಂದು ಟೀಚರೇ ಎಲ್ಲರ ಎದುರು ಹೇಳುತ್ತಿದ್ದರು. ಗಂಡ ನಗುತ್ತಿದ್ದರು.

ನನಗೂ ಅವರಿಗೂ ಜಗಳ ಸ್ಪೀಕರಿನ ವಿಷಯದಲ್ಲಿ. ಫೋನು ರಿಪೇರಿ ಮಾಡಿದ ಮೇಲೆ ಸ್ಪೀಕರು ಹಾಕಿ ನೋಡಬೇಕಲ್ಲ. ನೋಡಿದ ಕೂಡಲೇ ಮೇಲಿನಿಂದ ಕೋಲಿನಲ್ಲಿ ನೆಲಕ್ಕೆ ಕುಟ್ಟುತ್ತಿದ್ದರು. ಒಮ್ಮೆ ಕೆಳಗೇ ಇಳಿದು ಬಂದು, ಅಂಗಡಿ ತುಂಬ ಗಿರಾಕಿಗಳಿದ್ದಾಗ ಕೇಳಿದರು:

"ನಿನಗೆ ಕಿವಿ ಉಂಟಾ ಅಫ್ರೀದ್? ಹಟ್ಟಿಯ ದನಕ್ಕೆ ನಿನಗಿಂತ ಒಳ್ಳೆ ಕಿವಿ ಉಂಟು ಮಾರಾಯ."

ಗಿರಾಕಿಗಳು ನಕ್ಕರು. ನಾನೂ ನಕ್ಕೆ, ನಗದೆ ಉಪಾಯವಿರಲಿಲ್ಲ. ಆದರೆ ನನಗೆ ಕಿವಿ ಉಂಟು. ಮೈಕಿನ ಒಳಗೆ ಧೂಳು ಕೂತಿದೆಯೋ, ನೀರು ಹೋಗಿದೆಯೋ, ಮೈಕೇ ಹೋಗಿದೆಯೋ ಎಂಬುದನ್ನು ನಾನು ಫೋನು ಬಿಚ್ಚದೆ ಹೇಳುತ್ತೇನೆ. ಆ ಮಾತನ್ನು ನಾನು ಮರೆಯಲಿಲ್ಲ. ಮರೆಯಲಿಲ್ಲ ಎಂಬುದು ಈ ಕಥೆಯಲ್ಲಿ ಬೇಕಾಗುತ್ತದೆ, ಅದಕ್ಕೇ ಈಗಲೇ ಹೇಳಿಬಿಟ್ಟೆ.

ಕೊರೋನಾ ಬಂದ ಮೇಲೆ ಟೀಚರ ಶಾಲೆ ಫೋನಿನೊಳಗೆ ಹೋಯಿತು. ಕೊರೋನಾ ಹೋದರೂ ಅದು ಹೊರಗೆ ಬರಲಿಲ್ಲ. ದುಬೈ, ಬಹರೈನ್, ಪುಣೆ, ಮೈಸೂರು, ಎಲ್ಲ ಕಡೆಯ ನಮ್ಮ ಊರಿನವರ ಮಕ್ಕಳು ವೀಡಿಯೋ ಕಾಲಿನಲ್ಲಿ ಕೂರುತ್ತಿದ್ದರು. ಹದಿನಾಲ್ಕು ಜನ. ಅವರಲ್ಲಿ ಬಹರೈನಿನ ತನ್ಮಯೀ ಎಂಬ ಒಂಬತ್ತು ವರ್ಷದ ಹುಡುಗಿಯ ಮೇಲೆ ಮಾತ್ರ ಟೀಚರಿಗೆ ಪ್ರೀತಿ. ಪ್ರೀತಿಯೆಂದರೆ ಅವಳಿಗೆ ಬೈಗುಳ ಸ್ವಲ್ಪ ಕಡಿಮೆ. ಎದುರಿಗೆ ಕೂರುವ ಮಕ್ಕಳು ಭಾನುವಾರ ಬರುವ ಆರು ಜನ, ಟೀಚರ ಸ್ವರ ಹೇಗಿದೆ ಎಂದು ಹೇಳುವ ಧೈರ್ಯ ಅವುಗಳಿಗೆ ಈ ಜನ್ಮದಲ್ಲಿ ಇರಲಿಲ್ಲ.

ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ ಅವರ ಫೋನು ಬಕೆಟಿಗೆ ಬಿದ್ದು ಸತ್ತಿತು. ಹೊಸದು ತೋರಿಸಿದೆ. ಬೇಡವೆಂದರು. ಅದೇ ಫೋನು ಬೇಕು, ಬೆರಳಿಗೆ ಅದೇ ಅಭ್ಯಾಸ. ಆ ಮಾಡೆಲು ಹೊಸತಾಗಿ ಬರುವುದು ನಿಂತು ಕಾಲವಾಗಿತ್ತು. ರಿಫರ್ಬಿಶ್ಡ್ ಸಿಗುತ್ತದೆ ಎಂದೆ. ಹಾಗೆಂದರೆ ಎಂತ ಎಂದು ಕೇಳಿದರು. ಒಬ್ಬರು ಬಳಸಿ ಬಿಟ್ಟದ್ದನ್ನು ಬಿಚ್ಚಿ, ಹಾಳಾದದ್ದನ್ನು ಬದಲಾಯಿಸಿ, ಒರೆಸಿ ಡಬ್ಬಿಗೆ ಹಾಕಿದ್ದು ಎಂದು ಹೇಳಿದೆ.

"ಮಾತು ಸರಿ ಕೇಳ್ತದಾ?"

"ಹೊಸದರ ಹಾಗೆಯೇ ಉಂಟು ಟೀಚರೇ."

ಹಾಗೆ ಇರಲಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ, ಇದು ನಿಜ. ಆ ಫೋನಿನ ಕೆಳಗಿನ ಚಾರ್ಜಿಂಗ್ ಬೋರ್ಡು ಹೋಗಿತ್ತು. ನಾನೇ ಬೇರೆ ಬೋರ್ಡು ಹಾಕಿದ್ದೆ. ಕಂಪೆನಿಯದ್ದಲ್ಲ, ಕಾಪಿ. ಮಾತಿನ ಮೈಕು ಕೂರುವುದೂ ಅದೇ ಬೋರ್ಡಿನ ಮೇಲೆ. ಹಾಕಿದ ಮೇಲೆ ಎಲ್ಲರೂ ಮಾಡುವ ಹಾಗೆ "ಹಲೋ, ಹಲೋ, ಒಂದು, ಎರಡು" ಎಂದು ರೆಕಾರ್ಡು ಮಾಡಿ ಕೇಳಿದೆ. ಸ್ಪಷ್ಟವಾಗಿ ಕೇಳಿತು. ಫೋನು ಪರೀಕ್ಷೆ ಮಾಡುವಾಗ ಯಾವ ರಿಪೇರಿಯವನೂ ಹಾಡಿ ನೋಡುವುದಿಲ್ಲ.

ಜೂನ್ ತಿಂಗಳ ಒಂದು ಗುರುವಾರ ರಮ್ಯಶ್ರೀ ಅಂಗಡಿಗೆ ಬಂದಳು. ಟೀಚರ ಹಳೆಯ ಶಿಷ್ಯೆ, ಸುಳ್ಯದವಳು, ಅಲ್ಲಿಯೇ ತಾನೂ ಸಣ್ಣದಾಗಿ ಪಾಠ ಮಾಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಪ್ರತಿ ಗುರುವಾರ ಪುತ್ತೂರಿಗೆ ಬಂದು ಟೀಚರ ಎದುರು ಕೂತು ಹೋಗುವವಳು. ಸುಳ್ಯದಲ್ಲಿ ಅವಳ ಶಿಷ್ಯರ ಮನೆಯವರೆಲ್ಲ ಫೋನು ಕೊಳ್ಳುವುದು ಅವಳ ಮಾತಿನ ಮೇಲೆ ನನ್ನ ಅಂಗಡಿಯಲ್ಲಿ, ಹಾಗಾಗಿ ನನಗೆ ಅವಳ ಮೇಲೆ ಗೌರವ. ಆ ದಿನ ಅವಳ ಕೈಯಲ್ಲಿ ಹೊಸ ಫೋನಿತ್ತು, ನಾನೇ ಕೊಟ್ಟದ್ದು.

"ಅಫ್ರೀದ್, ಎರಡು ರೆಕಾರ್ಡಿಂಗ್ ಉಂಟು. ಕೇಳಿ ನೋಡಿ."

ಇಯರ್‌ಫೋನು ಕೊಟ್ಟಳು. ಮೊದಲನೆಯದು, ಹಿಂದಿನ ವಾರ ಟೀಚರು ಪಾಠ ಮಾಡುವಾಗ ಅವಳು ಪಕ್ಕದಲ್ಲಿ ಕೂತು ತನ್ನ ಹೊಸ ಫೋನಿನಲ್ಲಿ ತೆಗೆದದ್ದು. ನಾನು ಸ್ಲ್ಯಾಬಿನ ಮೂಲಕ ಹನ್ನೊಂದು ವರ್ಷ ಕೇಳಿದ್ದು ಸ್ಲ್ಯಾಬೇ ಇಲ್ಲದೆ ಕೇಳಿದಂತಾಯಿತು. ಎರಡನೆಯದು, ಅದೇ ದಿನದ ಅದೇ ಹಾಡು, ಟೀಚರ ಫೋನಿನಿಂದ ಬಹರೈನಿಗೆ ಹೋಗಿ ತನ್ಮಯೀಯ ಅಮ್ಮನ ಫೋನಿನಲ್ಲಿ ಉಳಿದು, ಆಕೆ ರಮ್ಯಶ್ರೀಗೆ ಕಳುಹಿಸಿದ್ದು. ಅದರಲ್ಲಿ ಒಬ್ಬಳು ಮುದುಕಿ ಹಾಡುತ್ತಿದ್ದಳು. ಸ್ವರ ಎಳೆದು ನಿಲ್ಲಿಸಿದಲ್ಲೆಲ್ಲ ನಡುವೆ ತುಂಡಾಗುತ್ತಿತ್ತು, ಕೆಳಗಿನ ಸ್ವರಗಳು ಕೇಳುತ್ತಲೇ ಇರಲಿಲ್ಲ, ಮೇಲಿನ ಷಡ್ಜ ನಡುಗಿ ನಡುಗಿ ಇಲ್ಲವಾಗುತ್ತಿತ್ತು. ಎದೆಯಲ್ಲಿ ಉಸಿರು ಮುಗಿದವರು ಹೀಗೆ ಹಾಡುತ್ತಾರೆ.

ನನಗೆ ಕೂಡಲೇ ಗೊತ್ತಾಯಿತು. ಈ ಫೋನುಗಳಲ್ಲಿ ಎರಡು ಮೈಕಿರುತ್ತವೆ. ಕೆಳಗಿನದು ಮಾತು ಹಿಡಿಯುವುದಕ್ಕೆ, ಮೇಲಿನದು ಸುತ್ತಲಿನ ಗದ್ದಲ ಹಿಡಿಯುವುದಕ್ಕೆ. ಫೋನು ಎರಡನ್ನೂ ಹೋಲಿಸಿ, ಗದ್ದಲ ಎಂದು ಕಂಡದ್ದನ್ನು ಕಳೆದು, ಮಾತನ್ನು ಮಾತ್ರ ಆಚೆಗೆ ಕಳುಹಿಸುತ್ತದೆ. ನಾನು ಹಾಕಿದ ಕಾಪಿ ಬೋರ್ಡಿನ ಮೈಕು ದುರ್ಬಲ. ಕೆಳಗೆ ಸಣ್ಣದಾಗಿ, ಮೇಲೆ ಜೋರಾಗಿ ಕೇಳಿದ್ದರಿಂದ ಫೋನು ಟೀಚರ ಸ್ವರವನ್ನೇ ಗದ್ದಲ ಎಂದು ತೀರ್ಮಾನಿಸಿತ್ತು. ಮಾತು ಏರಿಳಿಯುತ್ತದೆ, ಹಾಗಾಗಿ ಹೇಗೋ ದಾಟುತ್ತದೆ. ಎಳೆದು ಹಿಡಿದ ಸ್ವರ ಫ್ಯಾನಿನ ಸದ್ದಿನ ಹಾಗೆ ಒಂದೇ ಸಮ ಇರುತ್ತದೆ, ಅದನ್ನು ಕತ್ತರಿಸಿ ಬಿಸಾಡುತ್ತಿತ್ತು. ಎಷ್ಟು ಚೆನ್ನಾಗಿ ಹಿಡಿದರೆ ಅಷ್ಟು ಚೆನ್ನಾಗಿ ಕತ್ತರಿಸುತ್ತಿತ್ತು.

"ಬೋರ್ಡಿನ ತೊಂದರೆ ರಮ್ಯಕ್ಕ. ಕಂಪೆನಿಯದ್ದು ತರಿಸಿ ಹಾಕಿದರೆ ಸರಿಯಾಗ್ತದೆ. ಹತ್ತು ನಿಮಿಷದ ಕೆಲಸ. ಟೀಚರ ಹತ್ತಿರ ತರಲಿಕ್ಕೆ ಹೇಳಿ."

ಅವಳು ಇಯರ್‌ಫೋನನ್ನು ನಿಧಾನವಾಗಿ ಸುತ್ತಿ ಚೀಲಕ್ಕೆ ಹಾಕಿದಳು.

"ಹೇಳುದು ಬೇಡ" ಎಂದಳು.

ನನಗೆ ಅರ್ಥವಾಗಲಿಲ್ಲ.

"ನಾನು ಹದಿನಾಲ್ಕು ವರ್ಷದವಳಿದ್ದಾಗ ವಾರ್ಷಿಕೋತ್ಸವದಲ್ಲಿ ಹಾಡ್ತಾ ಇದ್ದೆ. ಇನ್ನೂರು ಜನ ಇದ್ರು, ನನ್ನ ಅಪ್ಪ ಅಮ್ಮ ಮುಂದಿನ ಸಾಲಿನಲ್ಲಿ. ಟೀಚರು ನಡುವೆಯೇ ಶ್ರುತಿಪೆಟ್ಟಿಗೆ ಬಂದ್ ಮಾಡಿ, ಸಾಕು ಇಳಿ, ನಿನಗೆ ಗಂಟಲು ಉಂಟು, ಸ್ವರ ಇಲ್ಲ ಅಂತ ಹೇಳಿದ್ರು. ಆಮೇಲೆ ಇಪ್ಪತ್ತು ವರ್ಷ ಬಂದೆ. ಒಂದು ಸಲ, ಒಂದೇ ಒಂದು ಸಲ, ಪರವಾಗಿಲ್ಲ ಅಂತ ಹೇಳಿದ್ದಾರೆ. ಈಗ ಅವರ ಸ್ವರ ಹೋಯ್ತು ಅಂತ ಬೇರೆಯವರು ಹೇಳ್ತಾ ಇದ್ದಾರೆ. ಹೇಳಲಿ. ನಿಮಗೆ ಎಂತ ಕಷ್ಟ?"

"ಆದರೆ ಅದು ಸುಳ್ಳಲ್ವಾ?"

"ಕಾಪಿ ಬೋರ್ಡು ಹಾಕಿ ಹೊಸದರ ಹಾಗೆಯೇ ಉಂಟು ಅಂತ ಕೊಟ್ಟದ್ದು ಯಾರು? ಅದನ್ನು ನಾನೂ ಊರಿನಲ್ಲಿ ಹೇಳಿಕೊಂಡು ಹೋಗುದಿಲ್ಲ."

ಅವಳ ದನಿ ಏರಲಿಲ್ಲ. ಎರಡೂ ರೆಕಾರ್ಡಿಂಗನ್ನು ನನ್ನ ಫೋನಿಗೂ ಕಳುಹಿಸಿದಳು, ಇಬ್ಬರೂ ಒಂದೇ ದೋಣಿಯಲ್ಲಿದ್ದೇವೆ ಎಂದು ನೆನಪಿಗಿರಲಿ ಎಂಬ ಹಾಗೆ. ಆಮೇಲೆ ಮೆಟ್ಟಿಲು ಹತ್ತಿ ಟೀಚರ ಪಾಠಕ್ಕೆ ಹೋದಳು. ನಾನು ಕೆಳಗೆ ಕೂತು ಅವರಿಬ್ಬರ ಹಾಡು ಕೇಳಿದೆ.

ಮಳೆಗಾಲ ಮುಗಿಯುವುದರೊಳಗೆ ಹದಿನಾಲ್ಕು ಜನ ಒಂಬತ್ತಾದರು. ಬಿಟ್ಟವರು ಯಾರೂ ಮುಖಕ್ಕೆ ಹೊಡೆದಂತೆ ಹೇಳಲಿಲ್ಲ, ಪರೀಕ್ಷೆ ಎಂದರು, ಈಜು ಕ್ಲಾಸು ಎಂದರು. ಒಬ್ಬಳು ತಾಯಿ ಮಾತ್ರ, ಮಗು ಟೀಚರ ಹಾಗೆಯೇ ಸ್ವರ ನಡುಗಿಸಿ ಹಾಡಲಿಕ್ಕೆ ಶುರು ಮಾಡಿದೆ ಎಂದು ವಾಯ್ಸ್ ಮೆಸೇಜು ಕಳುಹಿಸಿದಳು. ಅದನ್ನು ಟೀಚರು ನಾಲ್ಕು ಸಲ ಕೇಳಿದರಂತೆ. ನಿನ್ನ ಸ್ವರ ಮೊದಲು ಹೇಗಿತ್ತೋ ಹಾಗೆಯೇ ಉಂಟು ಎಂದು ಗಂಡ ಹೇಳಿದರು. ನಿಮಗೆ ಎಂತ ಗೊತ್ತು, ನೀವು ಸುಮ್ಮನಿರಿ ಎಂದು ಟೀಚರು ಅವರ ಬಾಯಿ ಮುಚ್ಚಿಸಿದರು. ಆ ಇಡೀ ವರ್ಷ ಟೀಚರಿಗೆ ನಿಜ ಹೇಳಿದವರು ಗಂಡ ಒಬ್ಬರೇ.

ಆಗಸ್ಟಿನಲ್ಲಿ ಟೀಚರು ಅಂಗಡಿಗೆ ಬಂದರು. ಸ್ಪೀಕರು ಹಾಕಿರಲಿಲ್ಲವಲ್ಲ, ಇನ್ನು ಯಾವುದಕ್ಕೆ ಬೈಯುತ್ತಾರೆ ಎಂದುಕೊಂಡೆ. ಅವರು ಗಿರಾಕಿಗಳು ಕರಗುವವರೆಗೆ ಕಾದರು. ಇಬ್ಬರು ಉಳಿದರು. ಆಗ ಫೋನನ್ನು ಕೌಂಟರಿನ ಮೇಲಿಟ್ಟು, ಕದ್ದವರ ಹಾಗೆ ದನಿ ತಗ್ಗಿಸಿ ಕೇಳಿದರು:

"ಅಫ್ರೀದ್, ಇದರಲ್ಲಿ ಎಂತಾದರೂ ತೊಂದರೆ ಉಂಟಾ? ಹೊಸ ಫೋನಿಗೂ ಇದಕ್ಕೂ ಸ್ವರದಲ್ಲಿ ವ್ಯತ್ಯಾಸ ಬರ್ತದಾ? ನಿನಗೆ ಗೊತ್ತಾಗ್ತದಲ್ಲ, ನೀನು ಕೇಳಿ ಹೇಳು."

ಪೆಟ್ಟಿಗೆಗೆ ದೂರು ಹೇಳುವವರನ್ನು ವಾರಗಟ್ಟಲೆ ನಿಲ್ಲಿಸಿದ ಹೆಂಗಸು, ನನ್ನ ಅಂಗಡಿಯಲ್ಲಿ ನಿಂತು ಪೆಟ್ಟಿಗೆಗೆ ದೂರು ಹೇಳುತ್ತಿದ್ದರು. ಅದಕ್ಕೆ ಎಷ್ಟು ಕಷ್ಟಪಟ್ಟರೆಂದು ಮುಖದಲ್ಲಿಯೇ ಕಾಣುತ್ತಿತ್ತು. ನಾನು ಆಗ ಸತ್ಯ ಹೇಳಬಹುದಿತ್ತು. ಸತ್ಯ ಹೇಳುವುದು ಬೇಡ, ಇಟ್ಟು ಹೋಗಿ, ಸಂಜೆ ಕೊಡುತ್ತೇನೆ ಎಂದಿದ್ದರೂ ಸಾಕಿತ್ತು, ಯಾರಿಗೂ ತಿಳಿಯದ ಹಾಗೆ ಬೋರ್ಡು ಬದಲಾಯಿಸಿ ಕೊಡಬಹುದಿತ್ತು. ಆಚೆ ಇಬ್ಬರು ಗಿರಾಕಿಗಳಿದ್ದರು, ರಮ್ಯಶ್ರೀಯ ಮಾತಿತ್ತು, ಇದೆಲ್ಲ ಕಾರಣಗಳೇ. ದೊಡ್ಡ ಕಾರಣ ಬೇರೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ನನ್ನ ಕಿವಿಯನ್ನು ಕೇಳಿದರು. ದನಕ್ಕಿಂತ ಕಡೆಯ ಕಿವಿ. ಅವರ ಸ್ವರ ಉಂಟೋ ಇಲ್ಲವೋ ಎಂದು ತೀರ್ಪು ಹೇಳುವ ಅಧಿಕಾರ ನನ್ನ ಕೈಗೆ ಬಂದಿತ್ತು, ಅದು ನನಗೆ ಹಿತವಾಗಿತ್ತು. ಹಿತವಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿತವಾಗಿತ್ತು.

ಶೋಕೇಸಿನಿಂದ ಹೊಸ ಫೋನು ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲಿಯೂ "ಹಲೋ, ಹಲೋ, ಒಂದು, ಎರಡು" ಎಂದು ರೆಕಾರ್ಡು ಮಾಡಿದೆ. ಒಂದಾದ ಮೇಲೆ ಒಂದು ಕೇಳಿಸಿದೆ. ಆಗುವುದೇ ಹಾಗೆ, ಎರಡೂ ಒಂದೇ ಹಾಗೆ ಕೇಳಿದವು. ಗಿರಾಕಿಗಳಲ್ಲಿ ಒಬ್ಬರು ತಲೆಯಾಡಿಸಿ, ಏನೂ ವ್ಯತ್ಯಾಸ ಇಲ್ಲ ಎಂದರು.

"ಫೋನು ಸರಿ ಉಂಟು ಟೀಚರೇ" ಎಂದೆ.

ಅವರ ಮುಖ ಕೆಂಪಾಯಿತು. "ಹೌದಲ್ವಾ. ನಾನು ಸುಮ್ಮನೆ ಅದಕ್ಕೆ ದೂರು ಹೇಳಿದೆ. ಯಾರ ಹತ್ತಿರವೂ ಹೇಳಬೇಡ ಮಾರಾಯ" ಎಂದು ಫೋನನ್ನು ಸೆರಗಿನಲ್ಲಿ ಒರೆಸಿಕೊಂಡು ಹೋದರು. ಆ ದಿನ ಮೇಲೆ ಹಾಡು ಕೇಳಲಿಲ್ಲ.

ಮುಂದಿನ ಗುರುವಾರ ಅವರು ರಮ್ಯಶ್ರೀಯನ್ನೇ ಕೇಳಿದರು. ಸಂಗೀತ ಗೊತ್ತಿರುವವಳು, ಮುಖ ನೋಡಿ ಹೇಳುವವಳಲ್ಲ ಎಂದು ನಂಬಿದ್ದರು. ಅವಳು ಬಹರೈನಿನ ರೆಕಾರ್ಡಿಂಗನ್ನು ತೆಗೆದು ಟೀಚರ ಎದುರು ಹಾಕಿದಳು. ಪೂರ್ತಿ ಕೇಳಿಸಿದಳು. ಆಮೇಲೆ, "ಪ್ರಾಯ ಆಯ್ತಲ್ವಾ ಟೀಚರ್, ಎಲ್ಲರಿಗೂ ಆಗುದೇ" ಎಂದಳು. ಈ ಸುದ್ದಿಯನ್ನು ನನಗೆ ಹೇಳಿದ್ದು ಅವಳೇ, ಮೆಟ್ಟಿಲು ಇಳಿಯುತ್ತ. ಅದಕ್ಕೆ ಟೀಚರು, ಹಾಡುವಾಗ ನನಗೆ ಸರಿಯಾಗಿಯೇ ಕೇಳುತ್ತಿತ್ತಲ್ಲ, ಹಾಗಾದರೆ ನನ್ನ ಕಿವಿಯೂ ಹೋಯಿತು ಎಂದರಂತೆ. ಹೇಳುವಾಗ ರಮ್ಯಶ್ರೀಯ ಮುಖದಲ್ಲಿ ಸಂತೋಷವಿರಲಿಲ್ಲ, ಅಳುವೂ ಇರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೋದಳು.

ಆ ವರ್ಷದ ವಿಜಯದಶಮಿಗೆ ಟೀಚರು ಶಾಲೆಯನ್ನು ರಮ್ಯಶ್ರೀಗೆ ಒಪ್ಪಿಸಿದರು. ಪರದೇಶದ ಮಕ್ಕಳಿಗೂ ಕಾಣಬೇಕೆಂದು ಫೋನು ನಿಲ್ಲಿಸಿ ವೀಡಿಯೋ ಕಾಲು ಜೋಡಿಸಿ ಕೊಡಲು ನನ್ನನ್ನು ಮೇಲೆ ಕರೆದರು. ಹನ್ನೊಂದು ವರ್ಷದಲ್ಲಿ ನಾನು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ನಿಲ್ಲಿಸಿದ್ದು ರಮ್ಯಶ್ರೀಯ ಹೊಸ ಫೋನನ್ನು. ಟೀಚರು ತಾವು ಕೂರುತ್ತಿದ್ದ ಮಣೆಯ ಮೇಲೆ ಅವಳನ್ನು ಕೂರಿಸಿ, ಶ್ರುತಿಪೆಟ್ಟಿಗೆಯನ್ನು ಅವಳ ಮಡಿಲಿಗೆ ಕೊಟ್ಟು, ತೆಂಗಿನಕಾಯಿ ವೀಳ್ಯದೆಲೆ ಇಟ್ಟರು. ಕೃಷ್ಣಮೋಹನರು ಮೂಲೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಎಲ್ಲ ಮುಗಿಯಿತು ಎನ್ನುವಾಗ ಫೋನಿನಿಂದ ತನ್ಮಯೀಯ ದನಿ ಬಂತು.

"ಟೀಚರ್, ನೀವು ಒಂದು ಸಲ ಹಾಡಿ."

ನಾನು ರಮ್ಯಶ್ರೀಯನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಎದುರಿಗಿದ್ದದ್ದು ಹೊಸ ಫೋನು. ಟೀಚರು ಆ ಫೋನಿನೆದುರು ಒಂದು ಸಾಲು ಹಾಡಿದರೆ ಸಾಕು, ಬಹರೈನಿನಿಂದ ಪುಣೆಯವರೆಗೆ ಎಲ್ಲರಿಗೂ ನಿಜ ಕೇಳುತ್ತಿತ್ತು, ಟೀಚರು ಮಣೆಯನ್ನು ವಾಪಸು ಕೇಳಬಹುದಿತ್ತು. ಟೀಚರು ಬಾಯಿ ತೆರೆದರು. ಉಸಿರು ಎಳೆದುಕೊಂಡದ್ದು ನನಗೆ ಕೇಳಿತು. ಹಾಡಲಿ ಎಂದು ಬಯಸಿದೆನೋ ಹಾಡದಿರಲಿ ಎಂದು ಬಯಸಿದೆನೋ ನನಗೇ ಗೊತ್ತಿಲ್ಲ. ಆಮೇಲೆ ಅವರು ಬಾಯಿ ಮುಚ್ಚಿದರು.

"ಇಲ್ಲ ಮಗಾ. ಇನ್ನು ನನ್ನದು ನೀವು ಕೇಳುದು ಬೇಡ, ಕೆಟ್ಟ ಅಭ್ಯಾಸ ಆಗ್ತದೆ."

ರಮ್ಯಶ್ರೀ ಒಂದು ಕ್ಷಣವೂ ಬಿಡದೆ ಹಾಡಲು ಶುರು ಮಾಡಿದಳು. ಚೆನ್ನಾಗಿಯೇ ಹಾಡಿದಳು. ಮುಗಿದ ಮೇಲೆ ಟೀಚರು, "ತುಂಬ ಒಳ್ಳೆದಾಯ್ತು" ಎಂದರು. ಅವಳು ಇಪ್ಪತ್ತು ವರ್ಷ ಕಾದ ಮಾತು ಬಂದಾಗ ಅವಳು ತಲೆ ಎತ್ತಲಿಲ್ಲ.

ಅಲ್ಲಿಂದ ಮೇಲೆ ಎಂಟು ತಿಂಗಳು ನನ್ನ ತಲೆಯ ಮೇಲೆ ಸದ್ದಿಲ್ಲ. ರಮ್ಯಶ್ರೀ ಪಾಠವನ್ನೆಲ್ಲ ಸುಳ್ಯದಲ್ಲಿಯೇ ಮಾಡುತ್ತಿದ್ದಳು. ಟೀಚರು ಗುರುಗಳ ದಿನಕ್ಕೂ ಹಾಡಲಿಲ್ಲ, ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬಂದರು. ಮನೆಯಲ್ಲಿಯೂ ಹಾಡುವುದಿಲ್ಲ, ದೇವರ ದೀಪ ಹಚ್ಚುವಾಗಲೂ ಬಾಯಲ್ಲಿ ಹೇಳುತ್ತಾಳೆ ಅಷ್ಟೇ ಎಂದು ಕೃಷ್ಣಮೋಹನರು ಒಮ್ಮೆ ರೀಚಾರ್ಜು ಮಾಡಿಸಲು ಬಂದಾಗ ಹೇಳಿದರು. ನಾನು ಸ್ಪೀಕರನ್ನು ಬೇಕಾದಷ್ಟು ಜೋರಾಗಿ ಹಾಕಿ ಪರೀಕ್ಷೆ ಮಾಡಿದೆ, ಯಾರೂ ಕುಟ್ಟಲಿಲ್ಲ.

ಕಳೆದ ಜೂನಿನಲ್ಲಿ ಟೀಚರು ಬಂದರು. ಶಾಲೆಯ ಮಾಳಿಗೆಯನ್ನು ಓನರಿಗೆ ಬಿಟ್ಟುಕೊಡುವುದು ನಿಶ್ಚಯವಾಗಿತ್ತು, ಅದರ ಕೀ ತಂದಿದ್ದರು. ಫೋನಿನ ಡಿಸ್ಪ್ಲೇ ಒಡೆದಿತ್ತು, ಅದನ್ನೂ ತಂದಿದ್ದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಫೋನು ಬಿಚ್ಚಿದೆ. ಒಳಗೆ ನಾನು ಹಾಕಿದ ಬೋರ್ಡು ಹಾಗೆಯೇ ಕೂತಿತ್ತು.

ಪಶ್ಚಾತ್ತಾಪದಿಂದ ಹೇಳಿಬಿಟ್ಟೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕರುಣೆ ಬರಬಹುದು. ಅದೂ ಇದ್ದಿರಬಹುದು. ಆದರೆ ಆ ವಾರ ನನಗೆ ಗೊತ್ತಾದದ್ದು ಬೇರೆ. ಶಾಲೆ ಕೈಗೆ ಬಂದ ಮೇಲೆ ರಮ್ಯಶ್ರೀ ತನ್ನ ಶಿಷ್ಯರ ಮನೆಯವರನ್ನೆಲ್ಲ ಸುಳ್ಯದ ಬೇರೆ ಅಂಗಡಿಗೆ ಕಳುಹಿಸುತ್ತಿದ್ದಳು. ಪುತ್ತೂರಿನ ಆ ಅಫ್ರೀದ್ ಕಾಪಿ ಸಾಮಾನು ಹಾಕುತ್ತಾನೆ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಮಾತು ಅವಳು ಮುರಿದಿದ್ದಳು. ನನಗೆ ಉರಿಯುತ್ತಿತ್ತು. ಆ ಉರಿಯಲ್ಲಿ ಟೀಚರಿಗೆ ಎಲ್ಲವನ್ನೂ ಹೇಳಿದೆ, ಬೋರ್ಡಿನದು, ಎರಡು ಮೈಕಿನದು, ರಮ್ಯಶ್ರೀ ಹೇಳಿದ್ದು, ನಾನು ಆಗಸ್ಟಿನಲ್ಲಿ ಮಾಡಿದ್ದು. ಬೋರ್ಡನ್ನು ಚಿಮಟದಲ್ಲಿ ಹಿಡಿದು ತೋರಿಸಿದೆ.

ಅವರು ಸ್ಟೂಲಿನ ಮೇಲೆ ಕೂತರು. ನಂಬಲಿಲ್ಲ. ನನ್ನ ಫೋನಿನಲ್ಲಿದ್ದ ಮೊದಲನೆಯ ರೆಕಾರ್ಡಿಂಗನ್ನು ಹಾಕಿದೆ, ರಮ್ಯಶ್ರೀ ತನ್ನ ಹೊಸ ಫೋನಿನಲ್ಲಿ ತೆಗೆದದ್ದನ್ನು. ಟೀಚರು ಕೇಳುತ್ತ ಕೇಳುತ್ತ ಬೆನ್ನು ನೆಟ್ಟಗೆ ಮಾಡಿಕೊಂಡರು. ತೊಡೆಯ ಮೇಲೆ ಬೆರಳು ತಾಳ ಹಾಕಲು ಶುರು ಮಾಡಿತು.

"ಇದು ನಾನಾ?"

"ನೀವೇ ಟೀಚರೇ. ನಿಮ್ಮ ಸ್ವರಕ್ಕೆ ಎಂತದೂ ಆಗಿರಲಿಲ್ಲ."

ಅವರ ಮುಖದಲ್ಲಿ ಆಗ ಬಂದದ್ದನ್ನು ನಾನು ನೋಡಬಾರದಿತ್ತು. ಇಪ್ಪತ್ತು ವರ್ಷ ಚಿಕ್ಕವರಾದರು. "ಹೊಸ ಫೋನು ಒಂದು ತೆಗಿ" ಎಂದರು, "ಈಗ ಹಾಡ್ತೇನೆ. ರೆಕಾರ್ಡು ಮಾಡು. ಅವಳಿಗೆ ಕಳಿಸುವ, ಆ ಬಹರೈನಿನ ಮಗುವಿಗೂ ಕಳಿಸುವ." ನಾನು ಸೀಲು ಒಡೆದು ಫೋನು ತೆಗೆದು ಅವರ ಎದುರು ಹಿಡಿದೆ. ಅಂಗಡಿಯ ಫ್ಯಾನು ಬಂದ್ ಮಾಡಿದೆ. ಟೀಚರು ಕಣ್ಣು ಮುಚ್ಚಿ, ಅದೇ ಹಾಡನ್ನು ಎತ್ತಿಕೊಂಡರು.

ಮೊದಲನೆಯ ಸಾಲಿನಲ್ಲಿಯೇ ಗಂಟಲು ಕಟ್ಟಿತು. ಕೆಮ್ಮಿ ಮತ್ತೆ ತೆಗೆದರು. ಎಂಟು ತಿಂಗಳು ಒಂದು ಸ್ವರವನ್ನೂ ಹಾಡದೆ ಬಿಟ್ಟ ಅರುವತ್ತೆರಡು ವರ್ಷದ ಗಂಟಲು. ಕೆಳಗಿನ ಸ್ವರಗಳು ಬರಿ ಗಾಳಿಯಾದವು. ಎಳೆದು ನಿಲ್ಲಿಸಿದಲ್ಲಿ ತುಂಡಾಯಿತು. ಮೇಲಿನ ಷಡ್ಜಕ್ಕೆ ಕೈ ಎತ್ತಿ ಹೋದರು, ಅದು ನಡುಗಿ ನಡುಗಿ ಇಲ್ಲವಾಯಿತು. ಅವರು ನಿಲ್ಲಿಸಲಿಲ್ಲ, ಹಾಡನ್ನು ಕೊನೆಯವರೆಗೆ ಹಾಡಿ ಕಣ್ಣು ತೆರೆದರು.

"ಹಾಕು" ಎಂದರು.

ಹಾಕಿದೆ. ಹೊಸ ಫೋನು, ಮೈಕು ಚೊಕ್ಕ, ಒಂದು ಉಸಿರನ್ನೂ ಬಿಡದೆ ಹಿಡಿದಿತ್ತು. ಟೀಚರು ಕೇಳಿ, ಬಹರೈನಿನದ್ದನ್ನೂ ಹಾಕು ಎಂದರು. ಅದನ್ನೂ ಹಾಕಿದೆ. ಹಾಳು ಬೋರ್ಡಿನ ಫೋನಿನಲ್ಲಿ ಒಳ್ಳೆಯ ಸ್ವರ ಒಂದು, ಒಳ್ಳೆಯ ಫೋನಿನಲ್ಲಿ ಹಾಳಾದ ಸ್ವರ ಒಂದು. ಎರಡೂ ಒಂದೇ ಹಾಗೆ ಕೇಳಿದವು. ಕಣ್ಣು ಮುಚ್ಚಿ ಕೊಟ್ಟಿದ್ದರೆ ಯಾವುದು ಯಾವುದೆಂದು ನನಗೂ ಹೇಳಲಾಗುತ್ತಿರಲಿಲ್ಲ.

ಅವರು ಕೌಂಟರಿನ ಮೇಲಿದ್ದ ಬೋರ್ಡನ್ನು ಬೆರಳಿನಲ್ಲಿ ಎತ್ತಿ ನೋಡಿದರು. ಆಮೇಲೆ ಕೇಳಿದರು:

"ಆಗಸ್ಟಿನಲ್ಲಿ ನಾನು ಬಂದಾಗ ಇದು ಎಷ್ಟು ಹೊತ್ತಿನ ಕೆಲಸ ಇತ್ತು?"

"ಹತ್ತು ನಿಮಿಷ ಟೀಚರೇ."

"ಆಗ ನನ್ನ ಸ್ವರ ಸರಿ ಇತ್ತು."

"ಇತ್ತು." ಆಮೇಲೆ ಸುಮ್ಮನಿರಲಾರದೆ ಹೇಳಿದೆ, "ದಿನಾ ಸ್ವಲ್ಪ ಸ್ವಲ್ಪ ಹಾಡಿದರೆ ವಾಪಸು ಬರ್ತದೆ ಅಲ್ವಾ?"

"ಈ ಪ್ರಾಯದಲ್ಲಿ ಬಿಟ್ಟದ್ದು ಬರುದಿಲ್ಲ. ಅದು ನನಗೆ ಗೊತ್ತುಂಟು, ನಿನಗೆ ಗೊತ್ತಿಲ್ಲ." ಅವರು ಸೆರಗು ಸರಿ ಮಾಡಿಕೊಂಡು ಎದ್ದರು. "ಪ್ರಾಯ ಆಯ್ತು, ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡ ಅಂತ ಎಂಟು ತಿಂಗಳು ಕೂತು ಮನಸ್ಸಿಗೆ ಹೇಳಿಕೊಂಡಿದ್ದೆ ಅಫ್ರೀದ್. ಈಗ ಹತ್ತು ಹದಿನೈದು ದಿನದಿಂದ ಮನಸ್ಸು ಒಪ್ಪಿತ್ತು. ರಾತ್ರಿ ನಿದ್ರೆ ಬರ್ತಿತ್ತು. ನೀನು ಆಗ ಹೇಳಲಿಲ್ಲ, ಸರಿ. ಈಗ ಯಾಕೆ ಹೇಳಿದ್ದು?"

ರಮ್ಯಶ್ರೀಯ ಮೇಲಿನ ಸಿಟ್ಟಿಗೆ ಎಂದು ಹೇಳುವುದೇ? ಅವರು ಉತ್ತರಕ್ಕೆ ಕಾದರು, ಮಗು ಪಾಠ ಒಪ್ಪಿಸಲಿ ಎಂದು ಕಾಯುವ ಹಾಗೆ ಕಾದರು. ಕೊನೆಗೆ ಮಾಳಿಗೆಯ ಕೀಯನ್ನು ಕೌಂಟರಿನ ಮೇಲಿಟ್ಟು, ಓನರಿಗೆ ಕೊಡು ಎಂದರು. ಕೊಡುತ್ತೇನೆ ಎಂದೆ.